ರ್‍ಯಾಂಪ್ ಮೇಲಿನ ಬಟ್ಟೆ ಮೂರ್ನಾಡು ಬಸ್ಸು ಹತ್ತುತ್ತಾ?

ಮೂರ್ನಾಡಿನವಳು

ಎಲ್ಲರಿಗೂ ನಮಸ್ಕಾರ. ನಗಬೇಡಿ, ಪ್ರಶ್ನೆ ಸೀರಿಯಸ್ಸಾಗಿಯೇ ಕೇಳ್ತಿದ್ದೀನಿ.

ವಯಸ್ಸು ಮೂವತ್ತಾರು. ಮಡಿಕೇರಿಯಲ್ಲಿ ಲೆಕ್ಕಪತ್ರದ ಕೆಲಸ, ದಿನಾ ಎಂಟೂಕಾಲರ ಬಸ್ಸು. ರಾತ್ರಿ ಪಾತ್ರೆ ಎಲ್ಲ ಆದಮೇಲೆ ಹಾಸಿಗೆಯಲ್ಲಿ ಕೂತು ಪ್ಯಾರಿಸ್, ಮಿಲಾನ್ ಫ್ಯಾಷನ್ ಶೋಗಳ ವಿಡಿಯೋ ನೋಡೋದು ನನ್ನ ಚಟ. ಬೇರೆಯವರು ಸೀರಿಯಲ್ ನೋಡ್ತಾರಲ್ಲ, ಹಾಗೆ. ನೋಡಿ ಸುಮ್ಮನಿದ್ದಿದ್ರೆ ಇಷ್ಟೊತ್ತಿಗೆ ಒಂದಿಷ್ಟು ದುಡ್ಡು ಉಳಿದಿರ್ತಿತ್ತು. ಹೋದ ವರ್ಷ ಎಲ್ಲಿ ನೋಡಿದರೂ ಸ್ವೇಡ್, ಅದೇ ಮಖಮಲ್ಲಿನ ಹಾಗೆ ಮೆತ್ತಗಿರೋ ಚರ್ಮ. ನಾನೂ ಆನ್‌ಲೈನಲ್ಲಿ ಒಂದು ಕಂದು ಬಣ್ಣದ ಸ್ವೇಡ್ ಜಾಕೆಟ್ ತರಿಸಿದೆ, 7,000 ರೂಪಾಯಿ ಕೊಟ್ಟು. ಮೇ ತಿಂಗಳಲ್ಲಿ ಎರಡು ಸಲ ಹಾಕಿದೆ. ಮಳೆ ಹಿಡೀತು, ಪ್ಲಾಸ್ಟಿಕ್ ಕವರ್ ಹಾಕಿ ಬೀರುವಿನಲ್ಲಿ ನೇತುಹಾಕಿದೆ. ಆಗಸ್ಟ್‌ನಲ್ಲಿ ತೆಗೆದರೆ ಬೆನ್ನಿಡೀ ಬಿಳೀ ಬೂಷ್ಟು, ಕಂಕುಳ ಹತ್ತಿರ ಹಸಿರು. ಅತ್ತೆ ಬಾಗಿಲಲ್ಲೇ ನಿಂತು, "ಅದೇನು, ಬೀರುವಿನೊಳಗೆ ಬೆಕ್ಕು ಮಲಗಿದೆಯಾ?" ಅಂದ್ರು.

ವಿಷಯ ಏನಂದ್ರೆ, ರ್‍ಯಾಂಪ್ ಮೇಲೆ ನಡೆಯೋ ಟ್ರೆಂಡುಗಳಲ್ಲಿ ನಮ್ಮಂಥವರು ದಿನನಿತ್ಯ ಹಾಕಬಹುದಾದದ್ದು ಯಾವುದು? ನಾಲ್ಕು ತಿಂಗಳು ಮಳೆ, ಎರಡು ತಿಂಗಳು ಚಳಿ, ಬಸ್ಸಲ್ಲಿ ನಿಂತು ಪ್ರಯಾಣ, ಆಫೀಸಿಗೆ ಏರುಹಾದಿ. ಫೋಟೋಗೆ ಹಾಕೋದಲ್ಲ, ಕೆಲಸಕ್ಕೆ ಹಾಕೋದು. ಮಾಡಿ ನೋಡಿದವರು ಹೇಳಿ.

ಸೂಜಿದಾರ, ಗೋಣಿಕೊಪ್ಪ

ಮೊದಲು ಜಾಕೆಟ್ ಬದುಕಿಸೋಣ, ಆಮೇಲೆ ಪ್ಯಾರಿಸ್ಸು.

ಪಾಲಿಯೆಸ್ಟರ್ ಸ್ವೇಡ್ ಆಗಿದ್ದಿದ್ರೆ ಅಷ್ಟು ಬೂಷ್ಟು ಹಿಡೀತಿರಲಿಲ್ಲ. ನಿಮಗೆ ಸಿಕ್ಕಿದ್ದು ಅಸಲಿ ಚರ್ಮ, ಮೋಸ ಹೋಗಿಲ್ಲ, ಸಂತೋಷಪಡಿ. ಸ್ವೇಡ್ ಅಂದ್ರೆ ಚರ್ಮದ ಒಳಮಗ್ಗುಲು. ಹೊರಮೈಗೆ ಇರೋ ಗಟ್ಟಿ ಪದರ ಅದಕ್ಕಿಲ್ಲ, ಹಾಗಾಗಿ ನೀರಿನ ಪಸೆ ಎಲ್ಲಿದ್ರೂ ಎಳ್ಕೊಳ್ಳುತ್ತೆ. ಅಂಗಳಕ್ಕೆ ತಂದು ಒಣ ಬ್ರಶ್ಶಲ್ಲಿ ಒಂದೇ ದಿಕ್ಕಿಗೆ ಕೆರೀರಿ. ಮನೆಯೊಳಗೆ ಕೆರೆದ್ರೆ ಆ ಪುಡಿ ಹಾರಿ ಪಕ್ಕದ ರೇಷ್ಮೆ ಸೀರೆಗೆ ಕೂರುತ್ತೆ. ಕಲೆ ಉಳಿದ್ರೆ ಬಿಳಿ ವಿನೆಗರ್ ಒಂಚೂರು ಬಟ್ಟೆಗೆ ಹಚ್ಚಿ ಒರೆಸಿ, ಮೊದಲು ಒಳಗಡೆ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ನೆರಳಲ್ಲಿ ಗಾಳಿಗೆ ಒಣಗಿಸಿ. ಸುಡು ಬಿಸಿಲಿಗೆ ಇಡಬೇಡಿ, ಹಪ್ಪಳ ಆಗುತ್ತೆ.

ತಪ್ಪಾಗಿದ್ದು ಪ್ಲಾಸ್ಟಿಕ್ ಕವರಿಂದ. ಹಳೇ ಕಾಟನ್ ಬೆಡ್‌ಶೀಟಲ್ಲಿ ಚೀಲ ಹೊಲಿದು ಹಾಕಿ. ಮುಂಚೆ ನಮ್ಮಲ್ಲಿ ಬೀರುವಿನೊಳಗೆ 40 ವ್ಯಾಟಿನ ಬಲ್ಬು ಉರಿಸಿ ಬಿಡ್ತಿದ್ರು, ಬಟ್ಟೆ ಬೆಚ್ಚಗಿರ್ತಿತ್ತು. ಈಗ ಎಲ್ಲ ಎಲ್‌ಇಡಿ. ಬೆಳಕು ಬರುತ್ತೆ, ಬಿಸಿ ಇಲ್ಲ. ಕರೆಂಟ್ ಬಿಲ್ಲು ಉಳೀತು, ಸೀರೆ ಹೋಯ್ತು.

ಟ್ರೆಂಡಿನ ವಿಷಯಕ್ಕೆ ಬಂದ್ರೆ, ಈಗ ಹುಡುಗಿಯರು ಬಂದು ಕೇಳೋದು ಪೀಪಾಯಿ ಪ್ಯಾಂಟು, ಅದೇ ಬ್ಯಾರೆಲ್ ಜೀನ್ಸ್. ಮೊದಲ ಸಲ ಫೋಟೋ ನೋಡಿದಾಗ ಕಟಿಂಗ್ ತಪ್ಪಿದೆ ಅಂದ್ಕೊಂಡೆ. ಹೊಲಿದ ಮೇಲೆ ಗೊತ್ತಾಯ್ತು, ನಮ್ಮ ಊರಿಗೆ ಹೇಳಿ ಮಾಡಿಸಿದ್ದು ಅದೇ. ಹೊರಗಿನ ಹೊಲಿಗೆ ಮೊಣಕಾಲ ಹತ್ತಿರ ಬಿಲ್ಲಿನ ಹಾಗೆ ಹೊರಗೆ ಹೋಗಿ ಕೆಳಗೆ ಬರ್ತಾ ಕಿರಿದಾಗುತ್ತೆ, ಕಾಲಗಂಟಿನ ಮೇಲೆ ನಿಲ್ಲುತ್ತೆ. ಕೆಸರು ತಾಗಲ್ಲ, ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿಯಲ್ಲ. ಅದಕ್ಕಿಂತ ಮುಂಚೆ ಬಂದ ಅಗಲ ಕಾಲಿನ ಪ್ಯಾಂಟ್ ನೆಲ ಗುಡಿಸ್ತಿತ್ತು. ಜುಲೈಯಲ್ಲಿ ಒಬ್ಬರು ಹಾಕ್ಕೊಂಡು ಬಂದಿದ್ರು, ಮೊಣಕಾಲವರೆಗೂ ಕೆಂಪು ನೀರು ಏರಿತ್ತು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ.

ಡೆನಿಮ್ ಬೇಡ ಆದ್ರೆ. ಮಳೆಗಾಲದಲ್ಲಿ ಜೀನ್ಸ್ ಒಣಗೋಕೆ ನಾಲ್ಕು ದಿನ, ಅದೂ ಅಗ್ಗಿಷ್ಟಿಕೆ ಪಕ್ಕ, ಆಮೇಲೆ ಮೈಯೆಲ್ಲ ಹೊಗೆ ವಾಸನೆ. ತೆಳು ಕಾಟನ್ ಡ್ರಿಲ್ ಅಥವಾ ಪಾಲಿ ವಿಸ್ಕೋಸಲ್ಲಿ ಅದೇ ಕಟಿಂಗ್ ಹೊಲಿಸಿ.

ಬಟ್ಟೆಹುಚ್ಚಿ

ಅಕ್ಕ, ದೀಪದ ಬತ್ತಿ 😂

ನಾನು ಸೋಮವಾರಪೇಟೆಯವಳು, ಬೆಂಗಳೂರಲ್ಲಿ ಡಿಸೈನ್ ಓದ್ತಿದ್ದೀನಿ. ಒಂದೆರಡು ಮಾತು.

ರ್‍ಯಾಂಪ್ ಮೇಲೆ ಕಾಣೋದೆಲ್ಲ ಮಾರೋಕಲ್ಲ. ಕೆಲವು ಬಟ್ಟೆ ಫೋಟೋಗೆ, ಸುದ್ದಿಗೆ. ಅದೇ ಕಲೆಕ್ಷನ್ನಿನ ಸಾದಾ ರೂಪ ಅಂಗಡಿಗೆ ಹೋಗುತ್ತೆ. ಅದರ ನೆರಳು ನಮ್ಮ ಮೈಸೂರಿನ ಮಾಲ್‌ಗಳಿಗೆ ಬರುತ್ತೆ. ನೀವು ನೋಡಬೇಕಾದ್ದು ಬಟ್ಟೆಯನ್ನಲ್ಲ, ಅದರ ಅಳತೆಯನ್ನ. ಭುಜ ಎಲ್ಲಿ ನಿಂತಿದೆ, ಸೊಂಟ ಮೇಲಿದೆಯಾ ಕೆಳಗಿದೆಯಾ, ಯಾವುದು ಸಡಿಲ ಯಾವುದು ಬಿಗಿ. ಅಳತೆ ತಗೊಳ್ಳೋಕೆ ದುಡ್ಡು ಬೇಕಿಲ್ಲ.

ಇನ್ನೊಂದು, ಅವರ ಕ್ಯಾಲೆಂಡರ್ ನಮ್ಮದಲ್ಲ. ನ್ಯೂಯಾರ್ಕ್, ಲಂಡನ್, ಮಿಲಾನ್, ಪ್ಯಾರಿಸ್, ಈ ಸಾಲಲ್ಲಿ ವರ್ಷಕ್ಕೆ ಎರಡು ಸುತ್ತು ಶೋ. ಸೆಪ್ಟೆಂಬರ್-ಅಕ್ಟೋಬರಲ್ಲಿ ತೋರಿಸೋದು ಮುಂದಿನ ವರ್ಷದ ವಸಂತ ಮತ್ತು ಬೇಸಿಗೆಗೆ, ಫೆಬ್ರವರಿ-ಮಾರ್ಚಲ್ಲಿ ತೋರಿಸೋದು ಆ ವರ್ಷದ ಚಳಿಗಾಲಕ್ಕೆ. ಅವರ ಬೇಸಿಗೆ ಬಟ್ಟೆ ನಮ್ಮಲ್ಲಿ ಕಾಫಿ ಹೂ ಅರಳಿಸೋ ಬೇಸಿಗೆ ಶುರುವಿನ ಹೂಮಳೆಯಿಂದ ಮೇ ತನಕ ನಡೆಯುತ್ತೆ. ಅವರು ಬೀಚಿಗೆ ಹೋಗೋ ಹೊತ್ತಿಗೆ ನಾವು ಕೊಡೆ ಕೆಳಗೆ. ಅವರ ಚಳಿ ಬಟ್ಟೆ ನವೆಂಬರಿಂದ ಜನವರಿ ತನಕ ನಮಗೂ ಹೊಂದುತ್ತೆ. ಜೂನ್-ಸೆಪ್ಟೆಂಬರ್ ಮಾತ್ರ ಯಾವ ಡಿಸೈನರ್ ಡೈರಿಯಲ್ಲೂ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟೋ ಮಳೆಗೆ ಪ್ಯಾರಿಸ್ ಹೊಣೆಯಲ್ಲ. ಅಕ್ಕ ಸ್ವೇಡನ್ನ ಮೇ ತಿಂಗಳಲ್ಲಿ ಹಾಕಿದ್ದೇ ಮೊದಲ ತಪ್ಪು. ಅದು ಡಿಸೆಂಬರ್ ಬಟ್ಟೆ.

ಈಗ ಯಾವುದು ಸುಲಭ ಅಂದ್ರೆ ದೊಡ್ಡ ಗಂಡಸರ ಶರ್ಟ್. 2025ರ ಅಕ್ಟೋಬರಲ್ಲಿ ಪ್ಯಾರಿಸ್ಸಿನ ದೊಡ್ಡ ಫ್ಯಾಷನ್ ಕಂಪನಿ ಶನೆಲ್‌ಗೆ ಮಾತ್ಯೂ ಬ್ಲಾಜಿ ಅನ್ನೋ ಡಿಸೈನರ್ ಮಾಡಿದ ಮೊದಲ ಕಲೆಕ್ಷನಲ್ಲಿ ಶಾರ್ವೆ ಅನ್ನೋ ಪ್ಯಾರಿಸ್ಸಿನ ಹಳೇ ಶರ್ಟ್ ಅಂಗಡಿಯವರ ಜೊತೆ ಸೇರಿ ಮಾಡಿದ ಗಂಡಸರ ಮಾದರಿಯ ಶರ್ಟುಗಳಿದ್ವು. ಕೆಳಗಂಚಲ್ಲಿ ಸಣ್ಣ ಸರಪಳಿ ಹೊಲಿದಿದ್ರು, ತೂಕಕ್ಕೆ ಬಟ್ಟೆ ಚೆನ್ನಾಗಿ ಇಳಿದು ನಿಲ್ಲಲಿ ಅಂತ. ಇದೇ ಮನುಷ್ಯ ಅದಕ್ಕೆ ಮುಂಚೆ ಬೊಟ್ಟೆಗಾ ವೆನೆಟಾ ಅನ್ನೋ ಇಟಲಿ ಕಂಪನಿಯಲ್ಲಿದ್ದಾಗ ನಮ್ಮ ಚೌಕಳಿ ಶರ್ಟಿನ ಹಾಗೇ ಕಾಣೋ ಶರ್ಟ್ ಮಾಡಿದ್ದ. ಮುಟ್ಟಿ ನೋಡಿದ್ರೆ ಪೂರ್ತಿ ಚರ್ಮ, ಮೇಲೆ ಚೌಕಳಿ ಪ್ರಿಂಟು! ನಮಗೆ ಚರ್ಮ ಬೇಡ. ಯಜಮಾನರ ಶರ್ಟ್ ತೆಗೆದು ಒಳಗೆ ಬಿಗಿ ಟೀಶರ್ಟ್, ಕೆಳಗೆ ಉದ್ದ ಸ್ಕರ್ಟ್, ತೋಳು ಎರಡು ಮಡಿಕೆ. ಆಯ್ತು.

ರೊಬಸ್ಟಾ ಮಾವ

ಹೆಣ್ಣುಮಕ್ಕಳ ಚರ್ಚೆಗೆ ಮೂಗು ತೂರಿಸ್ತಿದ್ದೇನೆ, ಕ್ಷಮಿಸಿ.

ನಮ್ಮ ತಂದೆಯವರದ್ದೊಂದು ತೋಟದ ಕೋಟು ಇದೆ. ದಪ್ಪ ಕಾಟನ್, ಖಾಕಿಗೂ ಹಸಿರಿಗೂ ನಡುವಿನ ಬಣ್ಣ, ಕಾಲರಿಗೆ ಕಾರ್ಡುರಾಯ್, ನಾಲ್ಕು ಜೇಬು. ಒಂದು ಜೇಬಿನಲ್ಲಿ ಕತ್ತರಿ, ಒಂದರಲ್ಲಿ ಕೂಲಿಯವರ ಹಾಜರಿ ಬರೆಯೋ ಚೆಕ್‌ರೋಲ್ ಪುಸ್ತಕ, ಇನ್ನೊಂದರಲ್ಲಿ ಜಿಗಣೆಗೆ ಉಪ್ಪಿನ ಪೊಟ್ಟಣ. ನಾಲ್ಕನೆಯದರ ಬಗ್ಗೆ ನಮ್ಮ ತಾಯಿಗೆ ಗೊತ್ತಿರಲಿಲ್ಲ. ತಂದೆ ಹೋದ ಮೇಲೆ ನಮ್ಮ ಮನೆಯವಳು ಅದನ್ನ ನಾಯಿಗೆ ಹಾಸೋಣ ಅಂತ ತೆಗೆದಿಟ್ಟಿದ್ದಳು.

ಮಗಳು ಬೆಂಗಳೂರಿಂದ ಬಂದವಳು ನಾಯಿಯ ಬಾಯಿಂದ ಕಿತ್ತುಕೊಂಡ ಹಾಗೆ ಕಿತ್ತುಕೊಂಡಳು. ಬಾರ್ನ್ ಜಾಕೆಟ್ ಅಂತೆ. ಪ್ರಾಡಾ ಅನ್ನೋ ಇಟಲಿಯ ಫ್ಯಾಷನ್ ಕಂಪನಿಯವರು 2024ರ ಬೇಸಿಗೆಗೆ ಅಂತ ಮಾಡಿ ತೋರಿಸಿದ್ದಾರಂತೆ. ಆಮೇಲೆ ಊರೆಲ್ಲ ಅದೇ. ಮೇಣ ಹಚ್ಚಿದ ಬಟ್ಟೆಯ ಬಾರ್ಬರ್ ಕೋಟು ಅಂತ ಒಂದುಂಟು, ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಬಂದರಿನಲ್ಲಿ 1894ರಲ್ಲಿ ಶುರುವಾದ ಕಂಪನಿ, ಹಡಗಿನವರಿಗೂ ಬಂದರಿನವರಿಗೂ ಮಳೆ ತಡೆಯಲಿ ಅಂತ. ಅದೂ ಈಗ ಶೋಕಿ. ತೋಟ ಕಾಣದವರೆಲ್ಲ ತೋಟದ ಕೋಟು ಹಾಕಿ ಮಾಲ್‌ನಲ್ಲಿ ಕಾಫಿ ಕುಡೀತಾರೆ. ಕುಡಿಯಲಿ. ನಮ್ಮ ಕಾಫಿಗೆ ರೇಟು ಬರಲಿ.

ಬಣ್ಣದ ವಿಷಯ ಬಿಡಲೇಬಾರದು. ಪ್ಯಾಂಟೋನ್ ಅನ್ನುವವರು ವರ್ಷಕ್ಕೊಂದು ಬಣ್ಣ ಘೋಷಿಸ್ತಾರಲ್ಲ, 2025ಕ್ಕೆ ಮೋಕಾ ಮೂಸ್ ಅಂದ್ರು. ಮಗಳು ಫೋನ್ ತೋರಿಸಿದಳು. ಹಾಲು ಹೆಚ್ಚಾದ ಕಾಫಿ. ನನ್ನ ಬಿಳಿ ಪಂಚೆಯ ಮೇಲೆ ಮೂವತ್ತು ವರ್ಷದಿಂದ ಇರೋ ಕಲೆ ಅದೇ ಬಣ್ಣ.

ಮೂರ್ನಾಡಿನವಳು

ಮಾವ, 2026ಕ್ಕೆ ಕ್ಲೌಡ್ ಡ್ಯಾನ್ಸರ್ ಅಂತೆ, ಅಂದ್ರೆ ಬಿಳಿ! ನಮ್ಮ ಮಣ್ಣಿನ ಮೇಲೆ ಬಿಳಿ. ಯಾರನ್ನ ಕೇಳಿ ಆರಿಸ್ತಾರೋ.

ಗಾಳಿಬೀಡು ಗಾಳಿ

ಚಪ್ಪಲಿ ಹಾಕಿ, ಸ್ವೆಟರ್ ಹಾಕಿ, ಕೆಲಸಕ್ಕೆ ಹೋಗಿ. ಇದಕ್ಕೆಲ್ಲ ಇಷ್ಟುದ್ದ ಚರ್ಚೆ ಬೇಕಾ? ಕಾಡಾನೆ ಬಗ್ಗೆ ಬರೆದ್ರೆ ನಾಲ್ಕು ಜನ ಬರಲ್ಲ.

ಸೂಜಿದಾರ, ಗೋಣಿಕೊಪ್ಪ

ಆನೆಗೂ ಅಳತೆ ತಗೊಂಡು ಬನ್ನಿ, ಹೊಲಿಯೋಣ.

ಸಿದ್ದಾಪುರದವಳು

ಎರಡು ದಿನದಿಂದ ಓದ್ತಾ ಇದ್ದೆ. ಬರೀಬೇಕಾ ಬೇಡ್ವಾ ಅಂತ.

ಆ ಶರ್ಟಿನ ಮಾತು. ಗಂಡಸರ ಫುಲ್ ತೋಳಿನ ಶರ್ಟು, ಕೆಳಗೆ ಉದ್ದ ಬಟ್ಟೆ, ತಲೆಗೆ ಟವಲ್ಲು. ನಾನು ಹುಟ್ಟಿದಾಗಿಂದ ನಮ್ಮಮ್ಮ ಹಾಕೋದು ಅದನ್ನೇ. ಸೀರೆ ಮೇಲೆ ಅಪ್ಪನ ಹಳೇ ಶರ್ಟ್. ತೋಟದ ಕೆಲಸದವರು ಇರೋ ಲೈನ್‌ಮನೆಯಲ್ಲಿ ಎಲ್ಲ ಅಮ್ಮಂದಿರೂ ಹಾಗೇ. ಕಾಫಿ ಕುಯ್ಯುವಾಗ ರೆಂಬೆ ಗೀರಬಾರದು, ಕೆಂಜಿಗ ಒಳಗೆ ಹೋಗಬಾರದು, ಅದಕ್ಕೆ. ಮೇಲಿನ ಗುಂಡಿ ಹಾಕಿಯೇ ಇರ್ತಾರೆ. ಕೈತೋಳಿನ ಗುಂಡಿ ಬಿದ್ದುಹೋಗಿದ್ರೆ ರಬ್ಬರ್ ಬ್ಯಾಂಡ್. ನೀವು ಹೇಳೋ ಹಾಗೆ ಎರಡು ಮಡಿಕೆ ಮಡಚಿದ್ರೆ ಆ ಮಡಿಕೆಯೊಳಗೆ ಇರುವೆ ಕೂತು ಸಂಜೆವರೆಗೂ ಕಚ್ಚುತ್ತೆ.

ಈಗ ರೊಬಸ್ಟಾ ಕಾಫಿ ಕುಯ್ಲು ನಡೀತಾ ಇದೆ. ಬೆಳಿಗ್ಗೆ ಇಬ್ಬನಿಗೆ ಶರ್ಟೆಲ್ಲ ನೆಂದು ಮೈಗೆ ಅಂಟಿರುತ್ತೆ, ಹತ್ತು ಗಂಟೆಗೆ ಮೈಮೇಲೇ ಒಣಗುತ್ತೆ. ಅಮ್ಮನ ಶರ್ಟಿನ ಮುಂಭಾಗ ಯಾವ ಬಣ್ಣದ್ದು ಅಂತ ಈಗ ಹೇಳೋಕಾಗಲ್ಲ, ಹಣ್ಣಿನ ಅಂಟು ಕಪ್ಪಾಗಿ ರಟ್ಟಿನ ಹಾಗೆ ಆಗಿದೆ. ಬೆನ್ನ ಕಡೆ ಮಾತ್ರ ನೀಲಿ ಗೆರೆ ಕಾಣುತ್ತೆ.

ನಾನು ಶಾಲೆಗೆ ಹೋಗುವಾಗ ಅಮ್ಮ ಅದೇ ಶರ್ಟಲ್ಲಿ ಬಸ್‌ಸ್ಟಾಪಿಗೆ ಬಂದ್ರೆ ನಾನು ಬೇರೆ ಕಡೆ ನೋಡ್ತಿದ್ದೆ. ಈಗ ಅದು ಟ್ರೆಂಡು ಅಂತ ಓದಿದಾಗ ನಗು ಬಂತೋ ಏನು ಬಂತೋ ಗೊತ್ತಿಲ್ಲ. ಯಾರನ್ನೂ ಬೈಯ್ತಾ ಇಲ್ಲ. ಹೇಳಿದೆ ಅಷ್ಟೆ.

ಬಟ್ಟೆಹುಚ್ಚಿ

ಅಕ್ಕ, ಓದಿ ಸುಮ್ಮನೆ ಕೂತಿದ್ದೆ. ಕ್ಲಾಸಲ್ಲಿ ನಮಗೆ ವರ್ಕ್‌ವೇರ್ ಅಂತ ಒಂದು ಪಾಠವೇ ಇದೆ. ಜೀನ್ಸ್ ಗಣಿಯವರದ್ದು, ಟ್ರೆಂಚ್ ಕೋಟು ಸೈನಿಕರದ್ದು ಅಂತೆಲ್ಲ ಬರೆದು ಮಾರ್ಕ್ಸ್ ತಗೊಂಡಿದ್ದೀನಿ. ನಮ್ಮ ತೋಟದ ಲೈನಲ್ಲಿ ನಿಂತಿರೋ ಶರ್ಟ್ ಮಾತ್ರ ಒಂದು ದಿನವೂ ನೆನಪಾಗಿಲ್ಲ ನನಗೆ. ನಮ್ಮದೂ ಐದೆಕ್ರೆ ತೋಟ ಇದೆ, ನಮ್ಮಲ್ಲೂ ಕುಯ್ಲಿಗೆ ಬರ್ತಾರೆ.

2025ರ ಅದೇ ಅಕ್ಟೋಬರಲ್ಲಿ ಪ್ಯಾರಿಸಲ್ಲಿ ಪ್ರಾಡಾದವರದ್ದೇ ಇನ್ನೊಂದು ಬ್ರ್ಯಾಂಡ್ ಮಿಯು ಮಿಯು ಶೋ ಇಡೀ ಏಪ್ರನ್ ಮೇಲೆ ಮಾಡಿದ್ರು. ಅಡುಗೆಮನೆ ಏಪ್ರನ್, ಫ್ಯಾಕ್ಟರಿ ಏಪ್ರನ್, ಕಟುಕರ ಚರ್ಮದ ಏಪ್ರನ್ ತರಹದ್ದು, ಹೂವಿನ ಪ್ರಿಂಟಿಂದು. ಹೆಂಗಸರ ಕೆಲಸಕ್ಕೆ ಗೌರವ ಅನ್ನೋದು ಅದರ ಡಿಸೈನರ್ ಮಿಯೂಚಾ ಪ್ರಾಡಾ ಅವರ ವಿಚಾರ. ನಾನು ನೋಡಿ ಚಪ್ಪಾಳೆ ಹೊಡೆದೆ. ಈಗ ಅದೇ ವಿಡಿಯೋ ಇನ್ನೊಂದು ಸಲ ನೋಡಿದ್ರೆ, ಸೊಂಟಕ್ಕೆ ಗೋಣಿ ಕಟ್ಟಿಕೊಂಡು ನಿಂತವರೇ ಕಣ್ಣಿಗೆ ಬರ್ತಾರೆ.

ರೊಬಸ್ಟಾ ಮಾವ

ಸಿದ್ದಾಪುರದ ಮಗಳೇ, ನಿನ್ನ ಮಾತು ಸರಿ. ನಾನು ಅಪ್ಪನ ಕೋಟಿನ ಕತೆ ನಗ್ತಾ ಹೇಳಿದೆ, ಕೋಟು ಹಾಕಿದವರು ಗೇಟಿನ ಹತ್ತಿರ ನಿಂತು ತೂಕ ಬರೆಸುವವರು. ಶರ್ಟಿನ ಕತೆ ನನಗೆ ಹೇಳಲು ಬರುತ್ತಿರಲಿಲ್ಲ.

ಮೂರ್ನಾಡಿನವಳು

ಹಾಗಾದ್ರೆ ಆ ಶರ್ಟ್ ನಾನು ಹಾಕಲಾ ಬೇಡ್ವಾ? ಕೊಂಕಿಗೆ ಕೇಳ್ತಿಲ್ಲ. ನಿಜವಾಗಿ ಗೊಂದಲ ಆಗಿದೆ.

ಸಿದ್ದಾಪುರದವಳು

ಹಾಕಿ ಅಕ್ಕ. ಬಟ್ಟೆಗೇನು. ಫೋಟೋ ಹಾಕುವಾಗ "ಎಸ್ಟೇಟ್ ಲುಕ್" ಅಂತ ಬರೀಬೇಡಿ, ಅಷ್ಟೇ. ಒಂದು ಹೋಮ್‌ಸ್ಟೇಯಲ್ಲಿ ಗೆಸ್ಟುಗಳಿಗೆ ಶರ್ಟು, ತಲೆಗೆ ಟವಲ್ಲು, ಬೆನ್ನಿಗೆ ಬುಟ್ಟಿ ಕೊಟ್ಟು ಫೋಟೋ ತೆಗೆಸ್ತಾರೆ. ಬೆನ್ನಿಗೆ ಬುಟ್ಟಿ ಟೀ ತೋಟದ್ದು. ಕಾಫಿಗೆ ಯಾರು ಬೆನ್ನಿಗೆ ಬುಟ್ಟಿ ಹಾಕ್ತಾರೆ?

ಕಡಂಗದ ಹುಡುಗ

ಬುಟ್ಟಿ ವಿಷಯ 💯

ಇದೇ ದಾರಿಯಲ್ಲಿ ನಂದೂ ಒಂದು ಪ್ರಶ್ನೆ, ಹೊಡೀಬೇಡಿ. ಹೋದ ತಿಂಗಳು ಬೆಂಗಳೂರಲ್ಲಿ ಫ್ರೆಂಡ್ ರಿಸೆಪ್ಷನ್ನಿಗೆ ಕಪ್ಪು ಕುಪ್ಯವನ್ನ, ಅದೇ ಕೊಡವ ಗಂಡಸರ ಹಬ್ಬದ ನಿಲುವಂಗಿಯನ್ನ, ಗುಂಡಿ ಬಿಟ್ಟು ಕೋಟಿನ ಹಾಗೆ ಹಾಕ್ಕೊಂಡು ಹೋದೆ. ಒಳಗೆ ಕಪ್ಪು ಟೀಶರ್ಟ್, ಕೆಳಗೆ ಜೀನ್ಸ್, ಸೊಂಟಕ್ಕೆ ಕಟ್ಟೋ ಚೇಲೆ ಇಲ್ಲ. ಎಲ್ಲ ಎಲ್ಲಿ ತಗೊಂಡೆ ಅಂತ ಕೇಳಿದ್ರು. ಮೊಣಕಾಲಿನ ತನಕ ಬರೋ ಉದ್ದ, ಅರ್ಧ ತೋಳು, ನೇರ ಕಟ್. ನೋಡಿದ್ರೆ ಜಪಾನಿನ ಡಿಸೈನರ್ ಮಾಡಿದ್ದು ಅನ್ನಬೇಕು. ಫೋಟೋ ನೋಡಿ ಅಜ್ಜ ಮಾತಾಡೋದು ಬಿಟ್ಟಿದ್ದಾರೆ.

ಅಮ್ಮತ್ತಿ ಆಂಟಿ

ಬಿಡದೆ ಇನ್ನೇನು! ಕುಪ್ಯ ಅಂದ್ರೆ ಕೆಂಪು ಚೇಲೆ ಕಟ್ಟಿ ಪೀಚೆಕತ್ತಿ ಸಿಕ್ಕಿಸಿದ ಮೇಲೆ ಕುಪ್ಯ. ಗುಂಡಿ ಬಿಟ್ಟು ಗಾಳಿಗೆ ಹಾರಿಸಿಕೊಂಡು ಹೋದ್ರೆ ನೈಟ್‌ಗೌನ್. ಮದುವೆ ಗಂಡಿಗೆ ಬಿಳಿ, ಉಳಿದವರಿಗೆ ಕಪ್ಪು, ಅದಕ್ಕೊಂದು ಕ್ರಮ ಇದೆ. ಮನೆತನದ ಮೂಲಮನೆಯಾದ ಐನ್‌ಮನೆಯ ದೀಪದ ಮುಂದೆ ನಿಲ್ಲೋ ಬಟ್ಟೆಯಲ್ಲಿ ರಿಸೆಪ್ಷನ್ನಿಗೆ ಕುಣಿಯೋಕೆ ಹೋಗೋದಾ?

ಆದ್ರೆ ಸೀರೆ ವಿಷಯದಲ್ಲಿ ನನ್ನ ಮಾತು ಬೇರೆ, ಯಾರೂ ಕಾಲೆಳೀಬೇಡಿ. ನಮ್ಮ ಕೊಡವ ಸೀರೆಯ ನೆರಿಗೆ ಹಿಂದೆ. ಕಾವೇರಮ್ಮೆ ನದಿಯಾಗಿ ಹರಿದಾಗ ನೀರಿನ ರಭಸಕ್ಕೆ ನೆರಿಗೆ ಹಿಂದಕ್ಕೆ ಹೋಯ್ತು ಅಂತ ಬಲಮುರಿಯಲ್ಲಿ ಹೇಳೋ ಕತೆ ಎಲ್ಲರಿಗೂ ಗೊತ್ತು. ಕತೆ ಹಾಗಿರಲಿ, ಏರು ಹತ್ತುವಾಗ ಮುಂದೆ ನೆರಿಗೆ ತುಳಿಯೋ ತಾಪತ್ರಯ ಇಲ್ಲ, ಸೆರಗು ಬಲ ಭುಜದ ಮೇಲೆ ಗಟ್ಟಿಯಾಗಿ ಕೂತಿರುತ್ತೆ, ಎರಡೂ ಕೈ ಖಾಲಿ. ನಾನು ಆಫೀಸಿಗೆ ಇಪ್ಪತ್ತೆರಡು ವರ್ಷ ಕಾಟನ್ ಸೀರೆಯನ್ನ ಹಾಗೇ ಉಟ್ಟೆ. ಈಗ ಡ್ರೇಪು ಡ್ರೇಪು ಅಂತ ಬಾಯಿ ಬಡ್ಕೊಳ್ತಾರಲ್ಲ, ಅಲಿಯಾ ಭಟ್ಟು 2025ರಲ್ಲಿ ಕಾನ್ ಸಿನಿಮಾ ಹಬ್ಬಕ್ಕೆ ಗುಚ್ಚಿ ಕಂಪನಿಯ ಸೀರೆ ಅಂತ ಹಾಕ್ಕೊಂಡು ಹೋದಳು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಮೂರ್ನಾಡಿನವರೇ, ತೆಳು ಕಾಟನ್ ಸೀರೆ, ಒಳಗೆ ಬ್ಲೌಸ್ ಬದಲು ನಿಮ್ಮ ಆ ಗಂಡಸರ ಶರ್ಟು, ನೆರಿಗೆ ಹಿಂದೆ. ಹಾಕಿ ನೋಡಿ. ಬಸ್ಸಲ್ಲಿ ಯಾರಾದರೂ ನೆರಿಗೆ ತುಳಿದ್ರೆ ನನ್ನನ್ನ ಕೇಳಿ.

ಕಡಂಗದ ಹುಡುಗ

ಆಂಟಿ, ಸೀರೆ ಒಳಗೆ ಶರ್ಟು ಹಾಕಬಹುದು, ಕುಪ್ಯ ಒಳಗೆ ಟೀಶರ್ಟ್ ಹಾಕಬಾರದು. ಇದ್ಯಾವ ನ್ಯಾಯ?

ಅಮ್ಮತ್ತಿ ಆಂಟಿ

ಸೀರೆ ದಿನಾ ಉಡೋ ಬಟ್ಟೆ. ದಿನಾ ಉಡೋದನ್ನ ಎಳೆದಾಡಬಹುದು, ಹಬ್ಬದ್ದನ್ನ ಬಿಡಬೇಕು. ನ್ಯಾಯ ಬೇಕಾದ್ರೆ ಅಜ್ಜನ ಹತ್ರ ಹೋಗು.

ಬಟ್ಟೆಹುಚ್ಚಿ

ಆಂಟಿ ಹೇಳಿದ ಗೆರೆ ನನಗೆ ಇಷ್ಟ ಆಯ್ತು, ಪೂರ್ತಿ ಒಪ್ಪದಿದ್ರೂ. ಕಡಂಗದಣ್ಣ, ಕುಪ್ಯವನ್ನೇ ಹಾಕಬೇಡಿ, ಅದರ ಅಳತೆ ತಗೊಳ್ಳಿ. ಮೊಣಕಾಲುದ್ದ, ಅರ್ಧ ತೋಳು, ಒಳಗೆ ಬಿಳಿ ಫುಲ್ ತೋಳು ಕಾಣೋ ಹಾಗೆ. ಒಳಗಿನ ತೋಳು ಹೊರಗಿನ ತೋಳಿಗಿಂತ ಉದ್ದ ಇರೋದೇ ಅದರ ಅಂದ. ನೀಲಿ ಲಿನನಲ್ಲೋ ಬೂದು ಬಣ್ಣದಲ್ಲೋ ಹೊಲಿಸಿದ್ರೆ ಯಾರೂ ಅದನ್ನ ಕುಪ್ಯ ಅನ್ನಲ್ಲ.

ಅಥಣಿ ಕಡೆಯಾಂವ, ಸದ್ಯ ಕುಶಾಲನಗರ

ಇಷ್ಟೊತ್ತು ಕೇಳಿಕೋತ ಕುಂತಿದ್ದೆ. ನಮ್ಮ ಚಪ್ಪಲಿ ಸುದ್ದಿ ಯಾರೂ ತೆಗೀಲಿಲ್ಲಲ್ರೀ?

2025ರ ಜೂನ್‌ದಾಗ ಮಿಲಾನಿನ ಗಂಡಸರ ಶೋದಾಗ ಪ್ರಾಡಾದವ್ರು ಹೆಬ್ಬೆರಳಿಗೆ ಉಂಗುಟ ಇರೋ ಚರ್ಮದ ಚಪ್ಪಲಿ ತೋರಿಸಿದ್ರು. ನೋಡಿದ್ರ ಥೇಟ್ ಕೊಲ್ಹಾಪುರಿ. ಎಲ್ಲಿಂದ ಬಂತು ಅಂತ ಒಂದಕ್ಷರ ಇಲ್ಲ. ಗದ್ದಲ ಆತು, ಆಮ್ಯಾಲೆ ಭಾರತದ ಚಪ್ಪಲಿಯಿಂದಾನ ಪ್ರೇರಣೆ ಅಂತ ಒಪ್ಪಿಕೊಂಡ್ರು. ಭಾಳ ಮಂದಿಗೆ ಗೊತ್ತಿಲ್ಲದ್ದು ಏನಂದ್ರ, ಕೊಲ್ಹಾಪುರಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಇಂಥಾ ಊರಿನದ ಅನ್ನೂ ಗುರುತು, ಸಿಕ್ಕದ್ದು ಮಹಾರಾಷ್ಟ್ರಕ್ಕಷ್ಟ ಅಲ್ಲ. ಅಲ್ಲಿ ನಾಲ್ಕು ಜಿಲ್ಲೆ, ನಮ್ಮಲ್ಲಿ ನಾಲ್ಕು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನಮ್ಮ ಅಥಣ್ಯಾಗ ಮನಿಮನ್ಯಾಗ ಮಾಡ್ತಾರ. ಕಡೀಕ ಡಿಸೆಂಬರದಾಗ ಪ್ರಾಡಾ ಮತ್ತ ನಮ್ಮ ಸರ್ಕಾರದ ಚರ್ಮ ನಿಗಮ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಕೂಡಿ 2,000 ಜೋಡಿ ಮಾಡೂದು ಅಂತ ಸುದ್ದಿ ಬಂತು, ಜೋಡಿಗೆ 800 ಯೂರೋ ಆಸುಪಾಸು.

ಹಂಗ ನೋಡಿದ್ರ ರ್‍ಯಾಂಪ್ ಮ್ಯಾಲಿನ ಟ್ರೆಂಡನ್ನ ದಿನಾ ಹಾಕೂದು ಅಂದ್ರ ಇದಕ್ಕಿಂತ ಸಲೀಸು ಯಾವುದೈತಿ? ಅಕ್ಕಾರ, ಜೀನ್ಸಿಗೂ ಸೀರಿಗೂ ಎರಡಕ್ಕೂ ಆಕ್ಕೈತಿ. ಹೊಸಾದು ನಾಲ್ಕು ದಿನ ಕಚ್ಚತೈತಿ, ಎಣ್ಣಿ ಹಚ್ಚಿ. ಖರೆ ಮಳ್ಯಾಗ ಮಾತ್ರ ಹಾಕಬ್ಯಾಡ್ರಿ. ನಾನು ಇಲ್ಲಿಗೆ ಬಂದ ಮೊದಲನೇ ಜುಲೈದಾಗ ಹಾಕ್ಕೊಂಡು ಹೋಗಿ ಬರೂದ್ರಾಗ ಅಂಗಾಲು ರೊಟ್ಟಿಹಂಗ ಉಬ್ಬಿತ್ತು, ಹೊಲಿಗಿ ಬಿಟ್ಟು ಅರ್ಧ ಚಪ್ಪಲಿ ಹಾದ್ಯಾಗ ಉಳೀತು.

ಸೂಜಿದಾರ, ಗೋಣಿಕೊಪ್ಪ

ಮಳೆಗಾಲಕ್ಕೆ ಗಮ್‌ಬೂಟ್ಸೇ. ಅದೂ ಫ್ಯಾಷನ್ನಿಗೆ ಬಂದಿದೆ ಅಂತ ಯಾರೂ ಹೇಳಬೇಡಿ ದಯವಿಟ್ಟು.

ಬಟ್ಟೆಹುಚ್ಚಿ

…ಬಂದಿದೆ ಅಕ್ಕ.

ಸೂಜಿದಾರ, ಗೋಣಿಕೊಪ್ಪ

ಹಾಳಾಗಿ ಹೋಗ್ಲಿ.

ಭುಜದ ಪ್ಯಾಡಿನ ವಿಷಯ ಹೇಳೋದು ಮರೆತೆ, ದೊಡ್ಡ ಭುಜದ ಬ್ಲೇಜರ್ ತಂದವರು ಸುಮಾರು ಜನ. ರೆಡಿಮೇಡಲ್ಲಿ ಒಳಗಿರೋದು ಸ್ಪಂಜು. ಒಂದು ಮಳೆಗೆ ನೆಂದರೆ ಎರಡು ಭುಜದ ಮೇಲೂ ಪಾತ್ರೆ ತೊಳೆಯೋ ಸ್ಪಂಜು ಹೊತ್ತ ಹಾಗೆ, ಹಿಂಡಿದ್ರೆ ನೀರು. ಲೈನಿಂಗ್ ಬಿಚ್ಚಿ ಪ್ಯಾಡಿಗೆ ವೆಲ್ಕ್ರೋ ಹಾಕಿಸಿ. ಆಫೀಸಲ್ಲಿ ಅಂಟಿಸ್ಕೊಳ್ಳಿ, ಬಸ್ಸಲ್ಲಿ ಬ್ಯಾಗೊಳಗೆ. ಒಬ್ಬರು ಟೀಚರಿಗೆ ಹಾಗೆ ಮಾಡಿಕೊಟ್ಟೆ, ಒಂದು ದಿನ ಒಂದೇ ಅಂಟಿಸ್ಕೊಂಡು ಕ್ಲಾಸಿಗೆ ಹೋಗಿದ್ರಂತೆ.

ಮೂರ್ನಾಡಿನವಳು

ವರದಿ ಒಪ್ಪಿಸ್ತಿದ್ದೀನಿ.

ಸೋಮವಾರ: ಯಜಮಾನರ ಬಿಳಿ ಶರ್ಟು, ಕಂದು ಉದ್ದ ಸ್ಕರ್ಟು. ತೋಳು ಮಡಚಿದೆ, ಸದ್ಯ ಬಸ್ಸಲ್ಲಿ ಕೆಂಜಿಗ ಇರಲಿಲ್ಲ. ಆಫೀಸಲ್ಲಿ ಯಾರೂ ಏನೂ ಹೇಳಲಿಲ್ಲ. ಯಜಮಾನರು ಮಾತ್ರ ಸಂಜೆ, "ನಾಳೆ ನನಗೆ ಮೀಟಿಂಗಿಗೆ ಅದೇ ಬೇಕಿತ್ತು" ಅಂದ್ರು. ಕೆಳಗಂಚಿಗೆ ಶನೆಲ್ ಸರಪಳಿ ಬದಲು ಎರಡು ಮೂಲೆಗೆ ಒಂದೊಂದು ಹಳೇ ನಾಣ್ಯ ಹೊಲಿದಿದ್ದೆ. ಗಾಳಿಗೆ ಹಾರಲಿಲ್ಲ, ನಿಜವಾಗಿ ಚೆನ್ನಾಗಿ ನಿಂತಿತ್ತು. ನಾಣ್ಯ ಕೀಳೋದು ಮರೆತು ಶರ್ಟ್ ಅವರಿಗೆ ಕೊಟ್ಟೆ. ಮೀಟಿಂಗಲ್ಲಿ ಕೂತಾಗ ಕುರ್ಚಿಗೆ ಟಣ್ ಅಂದಿದೆ.

ಬುಧವಾರ: ಅಮ್ಮತ್ತಿ ಆಂಟಿಯ ಸೀರೆ. ನಾವು ಅರೆಭಾಷೆಯವರು, ನೆರಿಗೆ ಹಿಂದೆ ಹಾಕೋದು ನನಗೆ ಬರಲ್ಲ, ಪಕ್ಕದ ಮನೆ ಅಕ್ಕ ಬಂದು ಉಡಿಸಿದ್ರು. ಮೊದಲು ವಿಚಿತ್ರ ಅನ್ನಿಸ್ತು, ಮುಂದೆ ಏನೋ ಕಟ್ಟೋದು ಮರೆತ ಹಾಗೆ. ಆಮೇಲೆ ಆಫೀಸಿನ ಏರು ಹತ್ತುವಾಗ ಕಾಲಿಗೆ ಬಟ್ಟೆ ಸಿಗಲೇ ಇಲ್ಲ. ಕೂತಾಗ ಮಾತ್ರ ಹಿಂದೆ ದಿಂಬು ಇಟ್ಟ ಹಾಗೆ. ಮೇನೇಜರ್ರು "ಇವತ್ತೇನು, ಯಾರ ಮದುವೆ?" ಅಂದ್ರು.

ಜಾಕೆಟ್ ಬೂಷ್ಟು ಹೋಗಿದೆ, ಕಂಕುಳ ಹತ್ತಿರ ಕಲೆ ಉಳಿದಿದೆ. ಕೈ ಎತ್ತದಿದ್ರೆ ಕಾಣಲ್ಲ. ಬಸ್ಸಲ್ಲಿ ನಿಂತು ಕಂಬಿ ಹಿಡೀಬೇಕಲ್ಲ, ಅದೇ ಯೋಚನೆ.

ಅಮ್ಮತ್ತಿ ಆಂಟಿ

ನಾಳೆ ಸೆರಗಿಗೆ ಪಿನ್ನು ಹಾಕಬೇಡ, ಗಂಟು ಹಾಕು. ಪಿನ್ನು ಕಾಟನ್ ಹರಿಯುತ್ತೆ.

ಸಿದ್ದಾಪುರದವಳು

ಅಕ್ಕ, ನಾಣ್ಯದ್ದು ಓದಿ ಅಮ್ಮನಿಗೆ ಹೇಳಿದೆ, ನಕ್ಕರು. ಆಮೇಲೆ ಆ ಏಪ್ರನ್ ಶೋ ಫೋಟೋ ತೋರಿಸಿದೆ, ಒಂದೊಂದೇ. ಕೈ ತೊಳೆದುಕೊಂಡು ಬಂದು ಫೋನ್ ತಗೊಂಡ್ರು. ಹೂವಿನ ಪ್ರಿಂಟಿಂದು ದೊಡ್ಡದು ಮಾಡಿಸಿ ನೋಡಿದ್ರು. "ಬಟ್ಟೆ ಗಟ್ಟಿ ಇದೆ" ಅಂದ್ರು. ಆಮೇಲೆ, "ಜೇಬು ಸಾಲಲ್ಲ. ಇದರಲ್ಲಿ ಒಂದು ಗಿಡದ ಹಣ್ಣು ಹಿಡಿಯಲ್ಲ" ಅಂದ್ರು.

ಸೂಜಿದಾರ, ಗೋಣಿಕೊಪ್ಪ

ಎಷ್ಟು ದೊಡ್ಡ ಜೇಬು ಬೇಕು, ಒಂದೋ ಎರಡೋ ಕೇಳಿ ಹೇಳು. ತೂಕ ಬಿದ್ದಾಗ ಕುತ್ತಿಗೆ ಎಳೀಬಾರದು, ಪಟ್ಟಿ ಭುಜದ ಮೇಲೆ ಅಡ್ಡ ಬರಬೇಕು. ಸಂತೆ ದಿನ ಬಿಟ್ಟು ಯಾವತ್ತಾದರೂ ಬಾ, ಅಮ್ಮನ ಹಳೇ ಶರ್ಟ್ ಒಂದು ತಗೊಂಡು ಬಾ, ಅದರ ಮೇಲೇ ಅಳತೆ ತಗೋತೀನಿ.